ಅರವತ್ತೊಂದನೆಯವರು

ಅವಳ ಕೆಲಸ ಎಣಿಸುವುದು. ಕಾಲುವೆಯ ಈ ದಡದಿಂದ ಆ ದಡಕ್ಕೆ ಓಡಾಡುವ ಫೆರಿ ಬೋಟಿನ ಹಲಗೆಯ ಪಕ್ಕ ನಿಂತು ಹತ್ತುವವರನ್ನೂ ಇಳಿಯುವವರನ್ನೂ ಒಬ್ಬೊಬ್ಬರಾಗಿ ಲೆಕ್ಕ ಹಿಡಿಯಬೇಕು. ಬಲಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಉಕ್ಕಿನ ಯಂತ್ರ. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ‘ಟಿಕ್’ ಎಂದು ಒಂದು ಅಂಕಿ ಮುಂದೆ ಹೋಗುತ್ತದೆ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ್ದರಿಂದ ಎರಡೂ ದಡದವರು ಅವಳನ್ನು ಟಿಕ್‌ಟಿಕ್ ಅಕ್ಕ ಎಂದೇ ಕರೆಯುತ್ತಿದ್ದರು. ಚುಕ್ಕಾಣಿ ಹಿಡಿಯುವವನು ಅವಳ ಮೈದುನ, ಗಂಡನ ಕೊನೆಯ ತಮ್ಮ. ಅವನು ಮೇಲೆ ಗಾಜಿನ ಗೂಡಿನಲ್ಲಿ, ಅವಳು ಕೆಳಗೆ ಹಲಗೆಯ ಬಳಿ.

ಕಾಲುವೆ ಅರ್ಧ ಮೈಲಿ ಅಗಲ. ಊರಿನ ದೊಡ್ಡ ರಸ್ತೆಯನ್ನು ಎತ್ತಿಟ್ಟು ಅದರ ಜಾಗದಲ್ಲಿ ನೀರು ತುಂಬಿಸಿದ ಹಾಗೆ ಬೆಳಗಿನಿಂದ ಸಂಜೆಯ ತನಕ ಅಲ್ಲಿ ಸಂತೆ. ಸರಕಿನ ಹಡಗುಗಳು, ಮರಳು ಹೊತ್ತ ಬಾರ್ಜುಗಳು, ಅವನ್ನು ಎಳೆಯುವ ಟಗ್ಗುಗಳು, ನಡುನಡುವೆ ನುಸುಳುವ ಮೀನಿನ ದೋಣಿಗಳು. ಇವೆಲ್ಲವನ್ನೂ ತಪ್ಪಿಸಿಕೊಂಡು ಆಚೆ ಮುಟ್ಟಲು ಫೆರಿಗೆ ಹನ್ನೊಂದು ನಿಮಿಷ ಬೇಕು. ಹತ್ತಿದವರೂ ಇಳಿದವರೂ ಸಮನಾಗಬೇಕು, ಎರಡೂ ಅಂಕಿಗಳನ್ನು ಪುಸ್ತಕದಲ್ಲಿ ಬರೆಯಬೇಕು. ಇಷ್ಟೇ ನಿಯಮ.

ಆ ತಿಂಗಳು ಮಾತ್ರ ಅವಳಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತ್ತು. ಅಡುಗೆಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಕನ್ನಡಕ ಹಾಕಿಕೊಂಡೇ ಮನೆಯೆಲ್ಲ ಕನ್ನಡಕ ಹುಡುಕಿದ್ದಳು. ಒಂದು ರಜೆಯ ದಿನ ಸಮವಸ್ತ್ರ ತೊಟ್ಟು, ಬೋಟು ನಿಲ್ಲುವ ಧಕ್ಕೆಗೆ ಹೋಗಿ ನಿಂತಿದ್ದಳು. ಪಕ್ಕದ ಟೀ ಅಂಗಡಿಯವಳು “ಏನಕ್ಕ, ಇವತ್ತು ಮೀನುಗಳನ್ನ ಎಣಿಸ್ತೀರಾ?” ಎಂದಾಗಲೇ ಎಚ್ಚರವಾದದ್ದು. ಟಗ್ಗಿನ ಎಂಜಿನ್ ಸದ್ದಿಗೆ ಕಿವಿ ಕೊಟ್ಟು ಕೊಟ್ಟು ಕಿವಿಯನ್ನೇ ಕಳೆದುಕೊಂಡು ನಿವೃತ್ತನಾಗಿದ್ದ ಗಂಡ ಇದನ್ನು ಕೇಳಿ ನಕ್ಕಿದ್ದ. “ನಂಗೆ ಕಿವಿ ಹೋಯ್ತು, ನಿಂಗೆ ನೆನಪು ಹೋಗ್ತಿದೆ. ಇನ್ಮೇಲೆ ನಮ್ಮಿಬ್ಬರಿಗೂ ಜಗಳಾನೇ ಆಗಲ್ಲ ನೋಡು.” ಅವಳಿಗೆ ನಗು ಬಂದಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಯ ಬೋಟು ಆ ದಡದಿಂದ ಈ ದಡಕ್ಕೆ ಬಂತು. ಜನ ಇಳಿದರು. ಕೊನೆಯವರು ಇಳಿದ ಮೇಲೆ ಯಂತ್ರ ನೋಡಿಕೊಂಡಳು. ಅರವತ್ತು. ಪುಸ್ತಕ ನೋಡಿದಳು. ಆಚೆ ಹತ್ತಿದವರು ಅರವತ್ತೊಂದು.

ಯಾರೋ ಒಳಗೆ ಕೂತಿದ್ದಾರೆ ಎಂದುಕೊಂಡು ಹೋದಳು. ಬೆಂಚುಗಳು ಖಾಲಿ. ಶೌಚಾಲಯದ ಬಾಗಿಲು ತಳ್ಳಿದಳು, ಖಾಲಿ. ಬಗ್ಗಿ ಬೆಂಚಿನ ಅಡಿ ನೋಡಿದಳು. ಎಂಜಿನ್ ಕೋಣೆಯಲ್ಲಿ ಎಂಜಿನ್ ಬಿಟ್ಟರೆ ಏನೂ ಇರಲಿಲ್ಲ. ಮೈದುನ ಮೇಲಿಂದ ಇಣುಕಿದ.

“ಅತ್ತಿಗೆ, ಏನು ಬೀಳಿಸ್ಕೊಂಡ್ರಿ?”

“ಒಬ್ಬರು ಕಮ್ಮಿ ಇದಾರಪ್ಪ.”

“ಅಂದ್ರೆ?”

“ಹತ್ತಿದ್ದು ಅರವತ್ತೊಂದು. ಇಳಿದಿದ್ದು ಅರವತ್ತು.”

ಅವನು ಮೆಟ್ಟಿಲಿಳಿದು ಬಂದು ಪುಸ್ತಕ ನೋಡಿದ. ಆಮೇಲೆ ಅವಳ ಮುಖ ನೋಡಿದ. ಪುಸ್ತಕಕ್ಕಿಂತ ಮುಖವನ್ನೇ ಹೆಚ್ಚು ಹೊತ್ತು ನೋಡಿದ್ದು ಅವಳಿಗೆ ಗೊತ್ತಾಯಿತು.

“ಒಂದು ಸಲ ಜಾಸ್ತಿ ಒತ್ತಿರ್ತೀರಿ, ಬಿಡಿ. ಅರವತ್ತು ಅಂತ ತಿದ್ದಿಬಿಡಿ. ಮೂರೂವರೆ ಬೋಟಿಗೆ ಜನ ಕಾಯ್ತಿದಾರೆ.”

“ಒತ್ತಿರಬಹುದು. ಆದ್ರೆ ಒತ್ತಿಲ್ಲದೆ ಇದ್ರೆ?”

“ಬಿದ್ದಿದ್ರೆ ಅರವತ್ತು ಜನದಲ್ಲಿ ಒಬ್ಬರಾದ್ರೂ ಕೂಗ್ತಿರಲಿಲ್ವಾ?”

ಅದೂ ನಿಜವೇ. ಅವಳು ಕಾಲುವೆಯ ಕಡೆ ತಿರುಗಿದಳು. ನೀರು ಎಂದಿನ ಹಾಗೇ ಇತ್ತು. ಇಲ್ಲದ ಒಬ್ಬರನ್ನು ಹುಡುಕಲು ಇಡೀ ಕಾಲುವೆ ನಿಲ್ಲಿಸಿದರೆ ನಾಳೆಯಿಂದ ಮನೆಯಲ್ಲೇ ಕೂರಬೇಕು. ಇರುವ ಒಬ್ಬರನ್ನು ಹುಡುಕದೆ ಪುಸ್ತಕ ತಿದ್ದಿದರೆ? ಅವಳಿಗೆ ಧೈರ್ಯ ಬಂತು ಎಂದಲ್ಲ. ಎರಡು ಹೆದರಿಕೆಗಳಿದ್ದವು, ಅವುಗಳಲ್ಲಿ ಒಂದು ತುಸು ದೊಡ್ಡದಾಗಿತ್ತು. ಧಕ್ಕೆಯ ಕಂಬದ ಮೇಲಿದ್ದ ಕೆಂಪು ಹಿಡಿಯನ್ನು ಹಿಡಿದು ಜಗ್ಗಿದಳು. ಸೈರನ್ ಕೂಗಿತು.

ಹತ್ತು ನಿಮಿಷದಲ್ಲಿ ಕಾಲುವೆ ನಿಂತಿತು. ಹಡಗುಗಳು ಇದ್ದಲ್ಲೇ ನಿಂತು ಹಾರ್ನು ಬಾರಿಸತೊಡಗಿದವು. ಕಾವಲು ದೋಣಿಗಳು ಹೊರಟವು. ಬಂದರು ಕಚೇರಿಯ ಸಾಹೇಬರು ಊಟದ ಕೈ ಒರೆಸಿಕೊಳ್ಳುತ್ತಲೇ ಓಡಿ ಬಂದರು.

“ಬಿದ್ದಿದ್ದು ಗಂಡಸೋ ಹೆಂಗಸೋ?”

“ಗೊತ್ತಿಲ್ಲ ಸಾರ್.”

“ವಯಸ್ಸು? ಬಟ್ಟೆ?”

“ಗೊತ್ತಿಲ್ಲ.”

“ಮತ್ತೆ ಏನಮ್ಮ ಗೊತ್ತು ನಿಮಗೆ?”

“ಒಬ್ಬರು ಅಂತ ಗೊತ್ತು ಸಾರ್.”

ಸಾಹೇಬರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಮೂರೂವರೆ ಬೋಟಿಗೆ ಕಾಯುತ್ತಿದ್ದವರು ಧಕ್ಕೆಯ ಮೇಲೆ ಗೊಣಗಾಡತೊಡಗಿದರು. ಅಕ್ಕನಿಗೆ ವಯಸ್ಸಾಯಿತು ಎಂದು ಯಾರೋ ಮೆಲ್ಲಗೆ ಅಂದರು, ಆದರೆ ಅವಳಿಗೆ ಕೇಳುವಷ್ಟು ಮೆಲ್ಲಗೆ. ಅವಳು ಅರವತ್ತೊಂದು ಮುಖಗಳನ್ನು ನೆನಪಿಸಿಕೊಳ್ಳಲು ನೋಡಿದಳು. ಒಂದೂ ಬರಲಿಲ್ಲ. ಹಲಗೆಯ ಮೇಲೆ ಅವಳು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಎಡವುವುದು ಕಾಲಲ್ಲವೇ?

ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ದೂರದಿಂದ ಒಂದು ಕಾವಲು ದೋಣಿ ಕೈ ಬೀಸಿತು. ಹಡಗುಗಳಿಗೆ ದಾರಿ ತೋರಿಸಲು ನಡುಗಾಲುವೆಯಲ್ಲಿ ಸರಪಳಿ ಕಟ್ಟಿ ತೇಲಬಿಟ್ಟ ಕಬ್ಬಿಣದ ದೊಡ್ಡ ಡ್ರಮ್ಮೊಂದಿತ್ತು. ಎಲ್ಲರೂ ಅದನ್ನು ಕೆಂಪು ಡ್ರಮ್ಮು ಎನ್ನುತ್ತಿದ್ದರು. ಅದನ್ನು ತಬ್ಬಿಕೊಂಡು ಒಬ್ಬ ಮನುಷ್ಯ ಇದ್ದ. ಜೀವಂತವಾಗಿದ್ದ.

ಧಕ್ಕೆಗೆ ಧಕ್ಕೆಯೇ ಕೂಗಿತು. ಗೊಣಗಿದವರೇ ಮೊದಲು ಚಪ್ಪಾಳೆ ತಟ್ಟಿದರು. ನೀರು ಕುಡಿದು ನಡುಗುತ್ತಿದ್ದ ಆ ಮನುಷ್ಯನನ್ನು ಆಸ್ಪತ್ರೆಗೆ ಸಾಗಿಸಿದರು. ಬೀಗ ರಿಪೇರಿ ಮಾಡುವವನಂತೆ. ಸಾಹೇಬರು ಅವಳ ಕೈ ಕುಲುಕಿ, ಮೇಲಿನವರಿಗೆ ಬರೆಯುತ್ತೇನೆ, ಇಂಥವರು ಇಲಾಖೆಗೆ ಹೆಮ್ಮೆ ಎಂದರು. ಸೈರನ್ ನಿಂತಿತು, ಹಡಗುಗಳು ಕದಲಿದವು. ಮೈದುನ ಹತ್ತಿರ ಬಂದು, “ಅತ್ತಿಗೆ, ನಿಮ್ಮ ಹೆಬ್ಬೆರಳಿಗೆ ಬಂಗಾರದ ಕವಚ ಮಾಡಿಸ್ಬೇಕು” ಎಂದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಒಬ್ಬ ಬದುಕಿದ ಎಂಬ ಸಂತೋಷಕ್ಕಿಂತ ತನ್ನ ತಲೆ ಸರಿಯಿದೆ ಎಂಬ ಸಮಾಧಾನವೇ ದೊಡ್ಡದಾಗಿತ್ತು. ಅದಕ್ಕೆ ನಾಚಿಕೆಯೂ ಆಯಿತು.

ಐದೂವರೆಗೆ ಗಂಡನ ಒಂದು ಒಗೆದ ಅಂಗಿ ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಬೀಗದವನು ಮಂಚದ ಮೇಲೆ ಎದ್ದು ಕೂತಿದ್ದ. ಡ್ರಮ್ಮಿಗೆ ಅಂಟಿದ ಚಿಪ್ಪುಗಳು ಕುಯ್ದು ಅಂಗೈಗಳೆರಡಕ್ಕೂ ಬ್ಯಾಂಡೇಜು. ಅವಳನ್ನು ಕಂಡು ಆ ಕೈಗಳನ್ನೇ ಜೋಡಿಸಿದ.

“ನೀವು ಹೇಗೆ ಬಿದ್ರಿ?” ಎಂದು ಕೇಳಿದಳು.

“ಹಿಂದುಗಡೆ ಕಟಕಟೆ ಹತ್ರ ನಿಂತಿದ್ದೆ ಅಕ್ಕ. ಅಲ್ಲಿ ನಿಲ್ಲಬಾರದು ಅಂತ ಬೋರ್ಡಿದೆ, ಓದಿದೀನಿ, ಆದ್ರೂ ನಿಂತಿದ್ದೆ. ಟಗ್ಗಿನ ಅಲೆ ಬಡೀತು. ಹೆಗಲಿಂದ ಹತಾರದ ಚೀಲ ಜಾರ್ತು. ಹಿಡಿಯೋಕೆ ಬಗ್ಗಿದೆ, ಅದರ ಜೊತೆ ನಾನೂ ಹೋದೆ. ಕೂಗ್ದೆ, ಎಂಜಿನ್ ಸದ್ದಲ್ಲಿ ಯಾರಿಗೆ ಕೇಳುತ್ತೆ?”

“ಬಿದ್ದ ಮೇಲೆ ಬಹಳ ಹೊತ್ತಾಗಿರಲಿಲ್ಲ, ಪುಣ್ಯ. ಮೂರೂಕಾಲಿಗೆಲ್ಲ ನಾನು ಸೈರನ್ ಎಳೆದೆ.”

“ಬಹಳ ಹೊತ್ತಾಗಿತ್ತಲ್ಲ ಅಕ್ಕ! ನಾನು ಬಿದ್ದಿದ್ದು ಎರಡೂವರೆ ಬೋಟಿಂದ.”

“ಮೂರರದು.”

“ಅಲ್ಲ, ಎರಡೂವರೆ. ಇಲ್ಲಿಂದ ಆ ಕಡೆ ಹೋಗ್ತಿದ್ನಲ್ಲ. ಮೂರರ ಬೋಟು ವಾಪಸ್ ಬರುವಾಗ ನನ್ನ ಮುಂದೇನೇ ಹೋಯ್ತು. ಡ್ರಮ್ಮು ತಬ್ಕೊಂಡು ಗಂಟಲು ಹರಿಯೋ ಹಾಗೆ ಕೂಗ್ದೆ. ನೀವು ಆ ಕಡೆ ಮುಖ ಮಾಡಿ ನಿಂತಿದ್ರಿ.”

ಅವಳು ಚೀಲದಿಂದ ಪುಸ್ತಕ ತೆಗೆದಳು. ಎರಡೂವರೆ ಬೋಟು: ಹತ್ತಿದವರು ನಲವತ್ತೆಂಟು, ಇಳಿದವರು ನಲವತ್ತೆಂಟು. ಅವಳದೇ ಅಕ್ಷರ, ಅವಳದೇ ಅಂಕಿ.

“ನೀವು ಹತ್ತುವಾಗ ನಾನು ಹಲಗೆ ಹತ್ರ ಇದ್ನಾ?”

“ಇದ್ರಿ. ನಾನು ತಡವಾಗಿ ಓಡಿ ಬಂದೆ. ನೀವು ಎರಡೂ ಕೈಯಲ್ಲಿ ಹಲಗೆ ಎಳೀತಿದ್ರಿ. ಹಾರಿ ಹತ್ತಿದೆ. ‘ಜೀವದ ಮೇಲೆ ಆಸೆ ಇಲ್ವಾ’ ಅಂತ ಬೈದ್ರಿ ಕೂಡ.”

ಎರಡೂ ಕೈ ಹಲಗೆಯ ಮೇಲಿದ್ದರೆ ಯಂತ್ರ ಒತ್ತಲು ಮೂರನೆಯ ಕೈ ಎಲ್ಲಿಂದ ಬರಬೇಕು? ಇವನನ್ನು ಅವಳು ಎಣಿಸಿಯೇ ಇರಲಿಲ್ಲ. ಬೈದದ್ದೂ ನೆನಪಿಲ್ಲ, ಈ ಮುಖವೂ ನೆನಪಿಲ್ಲ. ಪುಸ್ತಕದ ಪ್ರಕಾರ ಇವನು ಬೋಟು ಹತ್ತಲಿಲ್ಲ, ಆದ್ದರಿಂದ ಬೀಳಲೂ ಇಲ್ಲ.

ಆಸ್ಪತ್ರೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಇನ್ನೊಂದು ಯೋಚನೆ ಎದೆಗೆ ಒದ್ದಿತು. ಮೂರರ ಬೋಟಿನಲ್ಲಿ ಕಮ್ಮಿಯಾದವನು ಇವನಲ್ಲ. ಹಾಗಾದರೆ ಅದು ಯಾರು? ತಾನು ಒಂದು ಸಲ ಜಾಸ್ತಿ ಒತ್ತಿದ್ದರೆ ಸರಿ. ಒತ್ತಿಲ್ಲದಿದ್ದರೆ ಅರವತ್ತೊಂದನೆಯವರು ಇನ್ನೂ ನೀರಿನಲ್ಲೇ ಇದ್ದಾರೆ. ಮತ್ತು ಇವನು ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಿಬಿಟ್ಟಿದ್ದಾರೆ.

ಹೇಳದೆ ಇದ್ದರೆ ಬೆಳಗ್ಗೆ ಮೆಚ್ಚುಗೆಯ ಪತ್ರ. ಹೇಳಿದರೆ ನಗೆಪಾಟಲು. ಅಷ್ಟೇ ಅಲ್ಲ, ಎರಡೂವರೆ ಬೋಟಿನಿಂದ ಆಳು ಬಿದ್ದರೂ ನೋಡಲಿಲ್ಲ ಎಂದು ಮೈದುನನ ಕುತ್ತಿಗೆಗೂ ಬರುತ್ತದೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೆ ಕಾಲು ಆಗಲೇ ಬಂದರು ಕಚೇರಿಯ ಕಡೆ ನಡೆಯುತ್ತಿತ್ತು.

ಸಾಹೇಬರು ಬೀಗ ಹಾಕಿಸುತ್ತಿದ್ದರು. ಎಲ್ಲ ಕೇಳಿ ಬಾಗಿಲಿಗೇ ಒರಗಿ ನಿಂತರು.

“ಅಮ್ಮಾ, ಒಬ್ಬರು ಕಮ್ಮಿ ಅಂದ್ರಿ. ಒಬ್ಬನ್ನ ಹುಡುಕಿ ಕೊಟ್ವಿ. ಈಗ ಅವನಲ್ಲ, ಬೇರೆಯವರು ಬೇಕು ಅಂತೀರಾ?”

“ಬೇಕು ಅಂತಲ್ಲ ಸಾರ್. ಇದ್ರೂ ಇರಬಹುದು. ಇಲ್ಲದೇನೂ ಇರಬಹುದು.”

“ಯಾವುದಾದ್ರೂ ಒಂದು ಹೇಳಿ!”

“ಒಂದು ಗೊತ್ತಿದ್ರೆ ಒಂದೇ ಹೇಳ್ತಿದ್ದೆ ಸಾರ್.”

ಅವರು ಕೆಟ್ಟ ಮನುಷ್ಯರಲ್ಲ. ಬೆಳಕು ಇರುವ ತನಕ ಎರಡು ದೋಣಿ ಕಳಿಸಿದರು, ಮರುದಿನ ಬೆಳಗ್ಗೆ ಮತ್ತೆ ಕಳಿಸಿದರು. ಏನೂ ಸಿಗಲಿಲ್ಲ. ಯಾರ ಮನೆಯಿಂದಲೂ ಕಾಣೆಯಾದವರ ದೂರು ಬರಲಿಲ್ಲ. ಮೆಚ್ಚುಗೆಯ ಪತ್ರದ ಮಾತು ಅಲ್ಲಿಗೇ ನಿಂತಿತು. ವಿಚಾರಣೆ ಮುಗಿಯುವವರೆಗೆ ಅವಳು ಹಲಗೆಯ ಬಳಿ ನಿಲ್ಲಬಾರದು, ಒಮ್ಮೆ ಡಾಕ್ಟರಿಗೂ ತೋರಿಸಬೇಕು ಎಂದು ಚೀಟಿ ಬಂತು. ಮೈದುನ ಮನೆಗೆ ಬಂದವನು ಕೂರಲೂ ಇಲ್ಲ.

“ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು ಅತ್ತಿಗೆ? ಈಗ ನಂಗೂ ನೋಟಿಸು ಬಂದಿದೆ, ಹಿಂದೆ ಯಾಕೆ ನೋಡಲಿಲ್ಲ ಅಂತ. ಮುಂದೆ ನೋಡಿ ಬೋಟು ಓಡಿಸ್ಲಾ, ಹಿಂದೆ ನೋಡಿ ಓಡಿಸ್ಲಾ?”

“ತಪ್ಪಾಯ್ತಪ್ಪ. ಆದ್ರೆ ಒಬ್ಬರು ನೀರಲ್ಲೇ ಉಳಿದಿದ್ರೆ?”

“ಯಾರು? ಯಾರು ಉಳಿದಿದಾರೆ? ಹೆಸರಿಲ್ಲ, ಮುಖ ಇಲ್ಲ, ಮನೆಯವರಿಲ್ಲ. ನಿಮ್ಮ ಹೆಬ್ಬೆರಳು ಬಿಟ್ರೆ ಅವರನ್ನ ಯಾರೂ ನೋಡಿಲ್ಲ!”

ಗಂಡನಿಗೆ ಅರ್ಧ ಕೇಳಿತ್ತು. “ಯಾರಂತೆ ಬರೋದು?” ಎಂದ.

ಗುರುವಾರ ಬೆಳಗ್ಗೆ ಅವಳು ಪ್ರಯಾಣಿಕಳಾಗಿ ಬೋಟು ಹತ್ತಿ ಆ ದಡಕ್ಕೆ ಹೋದಳು. ಮೂರರ ಬೋಟು ಹೊರಟದ್ದು ಅಲ್ಲಿಂದ. ಧಕ್ಕೆಯ ನೆರಳಿನಲ್ಲಿ ನಿಂತು ಬಂದವರನ್ನೆಲ್ಲ ಕೇಳತೊಡಗಿದಳು. “ಮಂಗಳವಾರ ಮೂರರ ಬೋಟಲ್ಲಿ ಬಂದಿದ್ರಾ? ಜೊತೆಗೆ ಯಾರಿದ್ರು? ಅವರು ಮನೆಗೆ ಬಂದ್ರಾ?” ಬಂದಿದ್ದೆವು ಎಂದವರ ಹೆಸರು ಬರೆದುಕೊಂಡಳು. ಅರವತ್ತು ಹೆಸರು ಸಿಕ್ಕಿದರೆ ಇಳಿದವರೆಲ್ಲ ಯಾರೆಂದು ಗೊತ್ತಾಗುತ್ತದೆ. ಆಮೇಲೆ ಅವರನ್ನೇ, ನಿಮ್ಮ ಪಕ್ಕದಲ್ಲಿ ಇವರಲ್ಲದೆ ಮತ್ತೆ ಯಾರು ಕೂತಿದ್ದರು ಎಂದು ಕೇಳಬಹುದು. ಅವಳ ಲೆಕ್ಕಾಚಾರ ಅದು.

ಮೊದಲ ದಿನ ಇಪ್ಪತ್ತಾರು ಜನ ಸಿಕ್ಕಿದರು. ಎರಡನೆಯ ದಿನ ಇಪ್ಪತ್ತು. ಮೂರನೆಯ ದಿನ ಮಧ್ಯಾಹ್ನಕ್ಕೆ ಪಟ್ಟಿಯಲ್ಲಿ ಅರವತ್ತಾರು ಹೆಸರುಗಳಾದವು! ಅರವತ್ತು ಜನ ಇಳಿದ ಬೋಟಿನಿಂದ ನಾವು ಇಳಿದೆವೆಂದು ಅರವತ್ತಾರು ಜನ ಆಣೆ ಮಾಡುತ್ತಿದ್ದರು. ಕೆಲವರಿಗೆ ಬುಧವಾರ ಮಂಗಳವಾರವಾಗಿತ್ತು. ಪಾಪ ಅಕ್ಕ ಬಿಸಿಲಲ್ಲಿ ನಿಂತಿದ್ದಾಳೆ, ಹೂಂ ಅಂದರೆ ಸಮಾಧಾನವಾಗುತ್ತದೆ ಎಂದು ಕೆಲವರು ಹೂಂ ಅಂದಿದ್ದರು. ಒಬ್ಬಾತ, ಪೇಪರಿನಲ್ಲಿ ಹೆಸರು ಬರುತ್ತದೆಂದು ತನ್ನ ಭಾವನ ಹೆಸರನ್ನೂ ಸೇರಿಸಿದ್ದ. ಅವಳು ಪಟ್ಟಿಯನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಓದಿ, ಹಗ್ಗ ಕಟ್ಟುವ ಗೂಟದ ಮೇಲೆ ಕುಸಿದು ಕೂತಳು. ಒಬ್ಬರು ಕಮ್ಮಿ ಎಂದು ಹೊರಟವಳಿಗೆ ಆರು ಜನ ಹೆಚ್ಚಾಗಿದ್ದರು.

ಆಗ ಒಬ್ಬ ಬಂದು ಎದುರಿಗೆ ನಿಂತ. ಕುತ್ತಿಗೆಗೆ ತೂಗುಹಾಕಿದ ತಟ್ಟೆಯಲ್ಲಿ ಬಾಚಣಿಗೆ, ಪಿನ್ನು, ಸಣ್ಣ ಕನ್ನಡಿ. ಬೋಟಿನಲ್ಲಿ ಅವನ್ನು ಮಾರುವವನು. ಎರಡು ಸಲ ಗಂಟಲು ಸರಿಮಾಡಿಕೊಂಡ.

“ಅಕ್ಕ, ಆ ಅರವತ್ತೊಂದನೆಯವರು ಸಿಕ್ರಾ?”

“ಇಲ್ಲಪ್ಪ.”

“ಸಿಕ್ಕಿದ್ರೆ ಏನು ಮಾಡ್ತೀರಿ?”

“ಏನು ಮಾಡೋದು? ಬದುಕಿದ್ರೆ ಸಾಕು.”

“ಬೈಯಲ್ಲ ಅಂದ್ರೆ ಹೇಳ್ತೀನಿ.” ಅವನು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡ. “ಅದು ನಾನೇ ಇರಬೇಕು ಅಂತ ಕಾಣುತ್ತೆ. ಮಂಗಳವಾರ ಹತ್ತಿದೆ, ನೀವು ಟಿಕ್ ಅಂದ್ರಿ. ಹತ್ತಿದ ಮೇಲೆ ನೋಡ್ಕೋತೀನಿ, ಕನ್ನಡಿ ಡಬ್ಬಾನೇ ಇಲ್ಲ, ಟೀ ಅಂಗಡೀಲೇ ಬಿಟ್ಟಿದೀನಿ. ನೀವು ಹಗ್ಗ ಬಿಚ್ಚೋಕೆ ಬಗ್ಗಿದ್ರಿ. ನಾನು ಆ ಪಕ್ಕದ ಕಟಕಟೆ ದಾಟಿ, ಧಕ್ಕೆಗೆ ಕಟ್ಟಿರೋ ಟೈರಿನ ಮೇಲೆ ಕಾಲಿಟ್ಟು ಹಾರಿಬಿಟ್ಟೆ.”

“ಮೂರು ದಿನದಿಂದ ಯಾಕೋ ಹೇಳಲಿಲ್ಲ?”

“ಹಾಗೆ ಹಾರಿದ್ರೆ ವ್ಯಾಪಾರದ ಚೀಟಿ ಕಿತ್ಕೋತಾರೆ ಅಕ್ಕ. ಮೊದಲು ಯಾರೋ ಬಿದ್ರು, ಸಿಕ್ಕಿದ್ರು ಅಂದ್ರು, ಸುಮ್ಮನಾದೆ. ಆಮೇಲೆ ಇನ್ನೊಬ್ಬ ಸತ್ತಿದಾನೆ ಅಂದ್ರು. ನಾನೂ ಅಯ್ಯೋ ಪಾಪ ಅಂದೆ. ಆ ಸತ್ತವನು ನಾನೇ ಅಂತ ನಂಗೆ ಹೊಳೀಲೇ ಇಲ್ಲ!”

ಅವಳು ಎದ್ದು ಅವನ ಕೆನ್ನೆಗೆ ಒಂದು ಕೊಡಬೇಕೆಂದು ಕೈ ಎತ್ತಿದಳು. ಎತ್ತಿದ ಕೈ ಅವನ ಭುಜದ ಮೇಲೆ ಹೋಗಿ ಕೂತಿತು. ಅಂಗಿ ಬಿಸಿಲಿಗೆ ಬೆಚ್ಚಗಿತ್ತು. ಭುಜ ಗಟ್ಟಿಯಾಗಿತ್ತು. ಬದುಕಿರುವ ಮನುಷ್ಯನ ಭುಜ. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದು ಎರಡೂ ಸರಿಯಾಗಿ ಬರಲಿಲ್ಲ.

ಅವನನ್ನು ಕೈ ಹಿಡಿದೇ ಬಂದರು ಕಚೇರಿಗೆ ಕರೆತಂದಳು. ಸಾಹೇಬರು ಇಬ್ಬರ ಮಾತನ್ನೂ ಬರೆದುಕೊಂಡರು. ಬರೆದದ್ದನ್ನು ಓದಿಕೊಂಡು ಪೆನ್ನು ಕೆಳಗಿಟ್ಟರು.

“ಅಂದ್ರೆ ಮೂರರ ಬೋಟಿನ ಲೆಕ್ಕ ಸರಿ ಇತ್ತು, ಆದ್ರೆ ಯಾರೂ ಬಿದ್ದಿರಲಿಲ್ಲ.”

“ಹೌದು ಸಾರ್.”

“ಎರಡೂವರೆ ಬೋಟಿನ ಲೆಕ್ಕ ತಪ್ಪಿತ್ತು, ಆ ಬೋಟಿಂದ ಒಬ್ಬ ಬಿದ್ದಿದ್ದ.”

“ಹೌದು ಸಾರ್.”

“ಇವನು ಹಾರದೆ ಇದ್ದಿದ್ರೆ ನೀವು ಸೈರನ್ ಎಳೀತಿರಲಿಲ್ಲ. ಎಳೀದಿದ್ರೆ ಅವನು ಸತ್ತಿರ್ತಿದ್ದ.” ಅವರು ಬಾಚಣಿಗೆಯವನ ಕಡೆ ನೋಡಿದರು. “ಇವನಿಗೆ ದಂಡ ಹಾಕ್ಲಾ, ಹಾರ ಹಾಕ್ಲಾ? ನೀವೇ ಹೇಳಿ.”

ಕೊನೆಗೆ ಸಾಹೇಬರು ಎರಡನ್ನೂ ಹಾಕಲಿಲ್ಲ. ಮೈದುನನ ನೋಟಿಸನ್ನು ಒಂದು ಎಚ್ಚರಿಕೆಯ ಮಾತಿಗೆ ಮುಗಿಸಿದರು. ಇನ್ನು ಮುಂದೆ ಪ್ರತಿ ಬೋಟಿನಲ್ಲೂ ಇಬ್ಬರು ಎಣಿಸಬೇಕು, ಹಲಗೆ ಎಳೆಯುವವರೇ ಬೇರೆ ಇರಬೇಕು ಎಂದು ಆದೇಶ ಹೊರಡಿಸಿದರು. ಎರಡು ವಾರದ ಮೇಲೆ ಅವಳನ್ನು ಕೆಲಸಕ್ಕೆ ಕರೆದರು. ಡಾಕ್ಟರು ಯಾವುದೋ ಪರೀಕ್ಷೆ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಎಲ್ಲಿಟ್ಟಳೋ ಸಿಗಲಿಲ್ಲ.

ಕೆಲಸಕ್ಕೆ ಮರಳುವ ಮುಂಚೆ ಒಂದು ದಿನ ಬೀಗದವನು ಮನೆಗೆ ಬಂದಿದ್ದ. ಅಂಗಿ ಒಗೆದು ತಂದಿದ್ದ. ಅವಳು ಅವನನ್ನು ಕೂರಿಸಿ, ಒಂದನ್ನೂ ಮುಚ್ಚಿಡದೆ ಹೇಳಿದಳು.

“ನಿಮ್ಮನ್ನ ಉಳಿಸಿದ್ದು ನಾನಲ್ಲ. ನಿಮ್ಮನ್ನ ನಾನು ಎಣಿಸಲೇ ಇಲ್ಲ. ಬೇರೆ ಯಾರನ್ನೋ ಹುಡುಕೋಕೆ ಹೋದಾಗ ನೀವು ಸಿಕ್ಕಿದ್ರಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ.”

ಅವನು ತನ್ನ ಅಂಗೈಯ ಗಾಯ ನೋಡಿಕೊಂಡ.

“ಕಾಗೆ ಯಾಕೆ ಕೂತಿತೋ, ಕೊಂಬೆ ಯಾಕೆ ಮುರೀತೋ, ಕೆಳಗೆ ನಿಂತವನಿಗೆ ಹಣ್ಣು ಸಿಕ್ತಲ್ಲ ಅಕ್ಕ. ಆದ್ರೂ ಒಂದು ಕೇಳ್ಲಾ? ನನ್ನನ್ನ ಬೈದಿದ್ದು ನಿಜವಾಗ್ಲೂ ನೆನಪಿಲ್ವಾ?”

“ಇಲ್ಲ.”

“ನಂಗೆ ಡ್ರಮ್ಮು ಹಿಡ್ಕೊಂಡಿದ್ದಷ್ಟು ಹೊತ್ತೂ ಅದೇ ನೆನಪಿತ್ತು. ಜೀವದ ಮೇಲೆ ಆಸೆ ಇಲ್ವಾ ಅಂದ್ರಲ್ಲ. ಇದೆ ಕಣಕ್ಕ, ಇದೆ ಅಂತ ಹೇಳ್ಕೊಂಡೇ ಹಿಡ್ಕೊಂಡಿದ್ದೆ.”

ಅವಳು ಎದ್ದು ಒಲೆ ಹಚ್ಚಿದಳು. ಟೀ ಇಟ್ಟಳು. ಗಂಡ ಒಳಗಿನಿಂದ, “ಯಾರಿಗೆ ಆಸೆಯಂತೆ?” ಎಂದು ಕೂಗಿ ಕೇಳಿದ.

ಕೆಲಸಕ್ಕೆ ಮರಳಿದ ದಿನ ಹಲಗೆಯ ಆ ಬದಿಗೆ ಹೊಸಬಳೊಬ್ಬಳು ನಿಂತಿದ್ದಳು. ಮೊದಲು ಬಟ್ಟೆ ಅಂಗಡಿಯಲ್ಲಿ ಮೀಟರು ಅಳೆಯುತ್ತಿದ್ದವಳಂತೆ, ಕಣ್ಣು ಚುರುಕು. ಬೆಳಗಿನ ಮೊದಲ ಬೋಟು ತುಂಬಿತು. ಇಬ್ಬರೂ ಯಂತ್ರ ಎತ್ತಿ ತೋರಿಸಿದರು. ಅಕ್ಕನದು ಮೂವತ್ತೇಳು. ಹೊಸಬಳದು ಮೂವತ್ತೆಂಟು.

“ನಂದು ಸರಿ ಇದೆ ಅನ್ಸುತ್ತೆ ಅಕ್ಕ,” ಎಂದಳು ಹೊಸಬಳು ಮೆಲ್ಲಗೆ.

“ಇರಬಹುದು. ನಂದೂ ಇರಬಹುದು.”

ಬೋಟು ಹೊರಡಿಸಬೇಡ ಎಂದು ಮೈದುನನಿಗೆ ಕೈ ತೋರಿಸಿ ಅವಳು ಒಳಗೆ ಹೋದಳು. ಎಲ್ಲರೂ ಎದ್ದು ನಿಲ್ಲಬೇಕು ಎಂದಳು. ಜನ ಗೊಣಗುತ್ತ, ಚೀಲ ಸರಿಸುತ್ತ ಎದ್ದರು. ಒಬ್ಬ ನಿದ್ದೆ ಹೋಗಿದ್ದ, ಪಕ್ಕದವರು ತಿವಿದು ಎಬ್ಬಿಸಿದರು. ಅವಳು ಈ ಸಲ ಕಾಲು ನೋಡಲಿಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು ಮುಖ ನೋಡಿ ಭುಜ ಮುಟ್ಟಿ ಎಣಿಸಿದಳು. ಹೊಸಬಳು ಹಿಂದಿನಿಂದ ಎಣಿಸುತ್ತ ಬಂದಳು. ಮೂವತ್ತೆಂಟು. ಇಬ್ಬರಿಗೂ ಮೂವತ್ತೆಂಟೇ.

“ಯಾರದ್ದು ತಪ್ಪಾಗಿತ್ತು ಅತ್ತಿಗೆ?” ಮೈದುನ ಗಾಜಿನ ಗೂಡಿನಿಂದ ತಲೆ ಹೊರಹಾಕಿದ.

“ನಂದು. ಹೊರಡು.”

ಬೋಟು ಏಳು ನಿಮಿಷ ತಡವಾಗಿ ದಡ ಬಿಟ್ಟಿತು.